ಮೇರಾ ರಾತ್ರಿಯ ದೀಪ, ದಾರಿ, ಮಕ್ಕಳು

ದೀಪಾವಳಿ ಅಮಾವಾಸ್ಯೆಯ ಹೊತ್ತು ಮುಳುಗಿತೆಂದರೆ ಲಂಬಾಣಿ ತಾಂಡಾದ ಹೆಣ್ಣುಮಕ್ಕಳು ದೀಪ ಹಿಡಿದು ಹೊರಬೀಳುತ್ತಾರೆ. ಮದುವೆಯಾಗದ ಹುಡುಗಿಯರದೇ ಗುಂಪು. ಮೊದಲು ತಾಂಡಾದ ಮುಖ್ಯಸ್ಥನಾದ ನಾಯಕನ ಮನೆ, ಆಮೇಲೆ ಒಂದೊಂದಾಗಿ ಉಳಿದವರ ಬಾಗಿಲು. ಪ್ರತಿ ಬಾಗಿಲಲ್ಲೂ ನಿಂತು ತಮ್ಮ ನುಡಿಯಾದ ಗೋರ್‌ಬೋಲಿಯಲ್ಲಿ ಹಾಡಿ, ಆ ಮನೆಯ ಹಿರಿಯರಿಗೆ ವರ್ಷದ ಹಬ್ಬದ ಶುಭ ಕೋರುತ್ತಾರೆ. ಹಿರಿಯರು ರೊಕ್ಕ ಕೊಟ್ಟು ಹರಸುತ್ತಾರೆ. ಇದಕ್ಕೆ ಮೇರಾ ಎನ್ನುತ್ತಾರೆ. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ತಾಂಡಾಗಳಲ್ಲಿ ಬೆಳೆದ ಯಾವ ಹೆಣ್ಣುಮಗಳನ್ನು ಕೇಳಿದರೂ ಈ ರಾತ್ರಿಯ ನೆನಪು ತೆಗೆಯುತ್ತಾಳೆ. ಮುಂದಿನ ದೀಪಾವಳಿಗೆ ಗಂಡನ ಮನೆಯಲ್ಲಿ ಇರಬೇಕಾದವಳು ಕೊನೆಯ ಸಲ ಮೇರಾ ಹಾಡುವಾಗ ಅಳುವುದೂ ಉಂಟು.

ಮಕ್ಕಳು ಕತ್ತಲಲ್ಲಿ ಗುಂಪುಗಟ್ಟಿ ಮನೆಮನೆಗೆ ಹೋಗುವ ಹಬ್ಬ ಬೇರೆ ದೇಶಗಳಲ್ಲೂ ಇದೆ. ಅಮೆರಿಕದಲ್ಲಿ ಅಕ್ಟೋಬರ್ 31ರ ಸಂಜೆ, ಹ್ಯಾಲೊವೀನ್ ಹಬ್ಬಕ್ಕೆ, ವೇಷ ಹಾಕಿದ ಮಕ್ಕಳು ಬಾಗಿಲು ಬಡಿದು ಮಿಠಾಯಿ ಕೇಳುತ್ತಾರೆ. ಯಾರೋ ಗೊತ್ತಿಲ್ಲದವರು ಮಿಠಾಯಿಯಲ್ಲಿ ವಿಷ ಬೆರೆಸಿಕೊಟ್ಟಾರು ಎಂಬುದು ಅಲ್ಲಿನ ತಂದೆತಾಯಿಗಳ ಹಳೆಯ ಅಂಜಿಕೆ. ಜೋಯೆಲ್ ಬೆಸ್ಟ್ ಎಂಬ ಸಮಾಜಶಾಸ್ತ್ರಜ್ಞರು 1958ರಿಂದೀಚಿನ ವರದಿಗಳನ್ನೆಲ್ಲ ಜಾಲಾಡಿದರು. ಅಪರಿಚಿತರು ಹೀಗೆ ಕೊಟ್ಟ ತಿನಿಸಿನಿಂದ ಮಗು ಸತ್ತಿದ್ದು ಖಚಿತವಾದ ಒಂದು ಪ್ರಕರಣವೂ ಅವರಿಗೆ ಸಿಗಲಿಲ್ಲ. ಇನ್ನೊಂದು ಅಧ್ಯಯನ ಅಲ್ಲಿನ 1975ರಿಂದ 2016ರವರೆಗಿನ ರಸ್ತೆ ಅಪಘಾತಗಳ ಲೆಕ್ಕ ತೆಗೆಯಿತು. ಹಬ್ಬದ ಹಿಂದುಮುಂದಿನ ವಾರಗಳ ಸಂಜೆಗಿಂತ ಆ ಸಂಜೆ ನಡೆದು ಹೋಗುವವರು ವಾಹನಕ್ಕೆ ಸಿಕ್ಕು ಸಾಯುವ ಅಪಾಯ ಶೇ 43ರಷ್ಟು ಹೆಚ್ಚಿತ್ತು. ಎಲ್ಲರಿಗಿಂತ ಹೆಚ್ಚು ಪೆಟ್ಟು ಬಿದ್ದದ್ದು 4ರಿಂದ 8 ವರ್ಷದ ಮಕ್ಕಳಿಗೆ. ತಂದೆತಾಯಿ ಅಂಜಿದ್ದು ಮಿಠಾಯಿಗೆ, ಮಕ್ಕಳ ಜೀವ ತೆಗೆದದ್ದು ರಸ್ತೆ.

ನಮ್ಮಲ್ಲೂ ಹೀಗೇ ಆಗುತ್ತದೆ. ಅಮಾವಾಸ್ಯೆ ರಾತ್ರಿ ಮೂರು ದಾರಿ ಕೂಡುವಲ್ಲಿ ದಾಟಬ್ಯಾಡ, ಗಾಳಿ ಸೋಕತದ ಎಂದು ಅಜ್ಜಿ ಮೊಮ್ಮಗಳಿಗೆ ಹೇಳುತ್ತಾಳೆ. ಮಗಳು ಉಟ್ಟ ಬಟ್ಟೆ ಎಂಥದು, ಕೈಯಲ್ಲಿರುವ ಪಣತಿಗೆ ಯಾವ ಎಣ್ಣೆ ಹಾಕಿದೆ, ದಾರಿಯಲ್ಲಿ ಬರುವ ಟ್ರ್ಯಾಕ್ಟರಿನವನಿಗೆ ಅವಳು ಕಾಣುತ್ತಾಳೋ ಇಲ್ಲವೋ ಎಂಬುದನ್ನು ಯಾರೂ ನೋಡುವುದಿಲ್ಲ. ಮೇರಾ ನಿಲ್ಲಬಾರದು. ಅದು ಅಪಾಯದ ಆಚರಣೆಯೂ ಅಲ್ಲ. ಗುಂಪು ಬಿಟ್ಟು ಒಬ್ಬರೇ ಹೋಗದಿರುವುದು, ಹಿರಿಯ ಹುಡುಗಿ ಮುಂದಾಳಾಗುವುದು, ನಾಯಕನ ಮನೆಯಿಂದ ಶುರು ಮಾಡುವುದು, ಯಾವ ಮನೆಯನ್ನೂ ಬಿಡದಿರುವುದು: ಮಕ್ಕಳನ್ನು ಕಾಯುವ ಕಟ್ಟಳೆಗಳು ಅದರೊಳಗೇ ಇವೆ. ಮಕ್ಕಳು ಎಲ್ಲಿದ್ದಾರೆಂದು ಇಡೀ ತಾಂಡಾಕ್ಕೆ ಗೊತ್ತಿರುತ್ತದೆ. ಬದಲಾಗಿರುವುದು ಬಟ್ಟೆ ಮತ್ತು ದಾರಿ. ದುಡಿಯಲು ಮುಂಬೈ, ಪುಣೆ, ಹೈದರಾಬಾದಿಗೆ ಹೋದವರಿಂದಾಗಿ ಮನೆಯಲ್ಲಿ ಉಳಿದ ದೊಡ್ಡವರ ಸಂಖ್ಯೆಯೂ ಬದಲಾಗಿದೆ.

ಬಟ್ಟೆಯಿಂದ ಶುರು ಮಾಡೋಣ. ಹಳೆಯ ಫೇಟಿಯಾ (ಲಂಗ), ಕಾಂಚಳಿ (ರವಿಕೆ) ದಪ್ಪ ಹತ್ತಿ ಬಟ್ಟೆಯವು. ಅದರ ಮೇಲೆ ಕಸೂತಿ, ಕನ್ನಡಿ, ಕವಡೆ. ಈಗ ಹಬ್ಬಕ್ಕೆಂದು ಬಜಾರದಿಂದ ತರುವ ಡ್ರೆಸ್, ನೆಟ್ ಓಡಣಿ, ಹೊಳೆಯುವ ಲೇಸು ಬಹುಪಾಲು ಪಾಲಿಯೆಸ್ಟರ್ ಇಲ್ಲವೇ ನೈಲಾನ್. ಹತ್ತಿಗೆ ಬೆಂಕಿ ತಗುಲಿದರೆ ಉರಿದು ಬೂದಿಯಾಗುತ್ತದೆ. ಪಾಲಿಯೆಸ್ಟರ್ ಮೊದಲು ಮುದುಡಿ, ಕರಗಿ, ಬಿಸಿ ಅಂಟಿನಂತೆ ಚರ್ಮಕ್ಕೆ ಹತ್ತಿಕೊಳ್ಳುತ್ತದೆ, ಗಾಯ ಆಳಕ್ಕೆ ಇಳಿಯುತ್ತದೆ. ಎರಡೂ ಬೆರೆತ ಬಟ್ಟೆಯಲ್ಲಿ ಹತ್ತಿ ಎಳೆ ಬತ್ತಿಯಂತೆ ಉರಿಯುತ್ತ ಕರಗಿದ ಪಾಲಿಯೆಸ್ಟರನ್ನು ಹಿಡಿದಿಟ್ಟುಕೊಳ್ಳುವುದರಿಂದ ಅದು ಇನ್ನೂ ಕೆಟ್ಟದ್ದು. ಅಂಗಡಿಯವರ ಮಾತು ನಂಬಬೇಕಾಗಿಲ್ಲ. ಬಟ್ಟೆಯ ಅಂಚಿನ ಒಂದೆಳೆ ದಾರ ಕಿತ್ತು, ಇಕ್ಕಳದಲ್ಲಿ ಹಿಡಿದು, ದೊಡ್ಡವರೊಬ್ಬರು ಕಡ್ಡಿ ಗೀರಿ ಹಚ್ಚಿ ನೋಡಿ. ಕಾಗದ ಸುಟ್ಟ ವಾಸನೆ ಬಂದು ಮೆತ್ತನೆ ಬೂದಿ ಉದುರಿದರೆ ಅದು ಹತ್ತಿ. ಮುದುಡಿ, ಕರಗಿ, ತುದಿಯಲ್ಲಿ ಗಟ್ಟಿ ಮಣಿಯಂತೆ ಉಳಿದರೆ ಅದು ಪಾಲಿಯೆಸ್ಟರ್. ಮಗಳಿಗೆ ಆ ಡ್ರೆಸ್ಸೇ ಬೇಕೆಂಬ ಹಟವಿದ್ದರೆ ಹಾಕಿಕೊಳ್ಳಲಿ, ಆದರೆ ದೀಪ ಮಾತ್ರ ಹತ್ತಿ ಉಟ್ಟವಳ ಕೈಗೆ ಕೊಡಿ.

ದೀಪ ಹಿಡಿಯುವ ಬಗೆಯಲ್ಲೂ ಒಂದು ಲೆಕ್ಕವಿದೆ. ಸಾಲಾಗಿ ನಡೆವಾಗ ದೀಪ ಹಿಡಿದವಳ ಓಡಣಿಗಿಂತ ಅವಳ ಮುಂದೆ ಹೋಗುವವಳ ಓಡಣಿಗೇ ಅಪಾಯ ಹೆಚ್ಚು. ಬೆನ್ನ ಮೇಲೆ ಹಾರಾಡುವ ತುದಿ ಹಿಂದಿನವಳ ಜ್ವಾಲೆಗೆ ತಗುಲುತ್ತದೆ, ತಗುಲಿದ್ದು ಅವಳಿಗೆ ಕಾಣುವುದಿಲ್ಲ. ಆದ್ದರಿಂದ ದೀಪಗಳೆಲ್ಲ ಸಾಲಿನ ಮುಂದೆ ಇರಲಿ, ಅವುಗಳ ಮುಂದೆ ಯಾರೂ ಬೇಡ. ಎಲ್ಲರ ಓಡಣಿಯ ತುದಿ ಸೊಂಟಕ್ಕೆ ಸಿಕ್ಕಿಸಿರಲಿ, ಜಡೆಯ ಗೊಂಡೆ ಬೆನ್ನಿಗಿರಲಿ. ಸಣ್ಣ ಮಕ್ಕಳ ಕೈಗೆ ಸೆಲ್ಲಿನ ದೀಪ ಕೊಟ್ಟರೆ ಹಬ್ಬಕ್ಕೇನೂ ಕುಂದಾಗದು. ಪಣತಿಯನ್ನು ಬರಿಗೈಯಲ್ಲಿ ಹಿಡಿಯುವುದಕ್ಕಿಂತ ತಾಟಿನಲ್ಲಿ ಒಂದು ಬೆರಳು ದಪ್ಪ ಉಸುಕು ಹರವಿ ಅದರೊಳಗೆ ಕೂರಿಸಿ. ತಾಟು ವಾಲಿದರೂ ಪಣತಿ ಜಾರದು, ಎಣ್ಣೆ ಚೆಲ್ಲಿದರೂ ಉಸುಕು ಕುಡಿದುಬಿಡುತ್ತದೆ. ಎಣ್ಣೆ ಅರ್ಧಕ್ಕಿಂತ ಮೇಲೆ ಹಾಕಬೇಡಿ.

ಎಣ್ಣೆ ಯಾವುದು ಎಂಬುದು ಇನ್ನೂ ಮುಖ್ಯ. ಗಾಳಿಗೆ ದೀಪ ಆರದಿರಲಿ ಎಂದು ಸೀಮೆಎಣ್ಣೆ, ಡೀಸೆಲ್ ಬೆರೆಸುವವರಿದ್ದಾರೆ. ಕುಸುಬಿ ಎಣ್ಣೆ, ಶೇಂಗಾ ಎಣ್ಣೆ ಕಿಡಿ ತಾಗಿದೊಡನೆ ಬೆಂಕಿ ಹಿಡಿಯುವಷ್ಟು ಆವಿಯಾಗಬೇಕಾದರೆ 200 ಡಿಗ್ರಿಗೂ ಹೆಚ್ಚು ಕಾಯಬೇಕು. ಬತ್ತಿ ತೆಗೆದರೆ ಅದರ ಪಾಡಿಗೆ ಅದು ತಣ್ಣಗೆ ಕೂರುತ್ತದೆ. ಸೀಮೆಎಣ್ಣೆಗೆ 40 ಡಿಗ್ರಿ ಆಸುಪಾಸು ಸಾಕು, ಅಂದರೆ ಕಲಬುರಗಿಯ ಬೇಸಿಗೆಯ ಮಧ್ಯಾಹ್ನದ ಬಿಸಿ. ಉರಿಯುವ ಪಣತಿಯ ಅಂಚು ಅದಕ್ಕಿಂತ ಎಷ್ಟೋ ಬಿಸಿಯಾಗಿರುತ್ತದೆ. ಬೆರಕೆ ಎಣ್ಣೆ ಫೇಟಿಯಾದ ಮೇಲೆ ಚೆಲ್ಲಿದರೆ ಬಟ್ಟೆಯೇ ಬತ್ತಿಯಾಗುತ್ತದೆ. ನಮ್ಮ ಯರಿ ಹೊಲದಲ್ಲಿ ಬೆಳೆದ ಕುಸುಬಿಯ ಎಣ್ಣೆಯನ್ನೇ ಹಾಕಿ.

ಇಷ್ಟಾಗಿಯೂ ಬಟ್ಟೆಗೆ ಬೆಂಕಿ ತಗುಲಿದರೆ ಮಗು ಗಾಬರಿಯಿಂದ ಓಡುತ್ತದೆ. ಓಡಿದಷ್ಟೂ ಗಾಳಿ ಸಿಕ್ಕು ಬೆಂಕಿ ಏರುತ್ತದೆ, ನಿಂತೇ ಇದ್ದರೆ ಉರಿ ಮುಖಕ್ಕೆ ಹತ್ತುತ್ತದೆ. ನಿಲ್ಲು, ಮಲಗು, ಉರುಳು ಎಂಬ ಮೂರು ಮಾತನ್ನು ಹಬ್ಬಕ್ಕೆ ಮುಂಚೆ ಅಂಗಳದಲ್ಲಿ ಆಟದಂತೆ ಆಡಿಸಿ ಕಲಿಸಿ. ದೊಡ್ಡವರೊಬ್ಬರ ಹೆಗಲ ಮೇಲೆ ಕಂಬಳಿ ಇರಲಿ. ಉಣ್ಣೆ ಬೇಗ ಹೊತ್ತಿಕೊಳ್ಳುವುದಿಲ್ಲ, ಬೆಂಕಿಗೆ ಗಾಳಿ ಬಿಡುವುದೂ ಇಲ್ಲ. ಕಂಬಳಿ ಇಲ್ಲದಿದ್ದರೆ ಹತ್ತಿಯ ಕೌದಿ. ಹೊಳೆಯುವ ನೈಲಾನ್ ಚಾದರ ಮಾತ್ರ ಬೇಡ.

ಬೆಂಕಿ ಆರಿದ ಮೇಲಿನ ಇಪ್ಪತ್ತು ನಿಮಿಷ ಬಹಳ ಬೆಲೆಯವು. ಸುಟ್ಟ ಜಾಗದ ಮೇಲೆ ತಣ್ಣೀರು ಸುರಿಯುತ್ತಲೇ ಇರಬೇಕು. ಜ್ವಾಲೆ ಆರಿದರೂ ಚರ್ಮದೊಳಗಿನ ಬಿಸಿ ಒಳಗೊಳಗೆ ಸುಡುತ್ತಿರುತ್ತದೆ. ನೀರು ಅದನ್ನು ಹೊರಗೆಳೆಯುತ್ತದೆ. ಬರ್ಫ ಬೇಡ. ಅರಿಶಿನ, ಟೂತ್‌ಪೇಸ್ಟ್, ಶಾಯಿ, ತುಪ್ಪ, ಸಗಣಿ ಯಾವುದನ್ನೂ ಹಚ್ಚಬೇಡಿ. ಅವು ಬಿಸಿಯನ್ನು ಒಳಗೇ ಕೂಡಿಹಾಕುತ್ತವೆ, ಗಾಯಕ್ಕೆ ನಂಜು ತರುತ್ತವೆ, ಆಸ್ಪತ್ರೆಯಲ್ಲಿ ಅದನ್ನೆಲ್ಲ ಕೆರೆದು ತೆಗೆಯುವಾಗ ಮಗು ಮತ್ತೊಮ್ಮೆ ನರಳುತ್ತದೆ. ಲಂಬಾಣಿ ಉಡುಪಿನಲ್ಲಿ ಬಳೆ, ಕಡಗ, ಉಂಗುರ, ಕಾಲಿನ ಆಭರಣ ಹೆಚ್ಚು. ಲೋಹ ಬಿಸಿ ಹಿಡಿದಿಟ್ಟುಕೊಳ್ಳುತ್ತದೆ, ಕೈಕಾಲು ಊದಿಕೊಂಡ ಮೇಲೆ ಬಿಗಿದು ರಕ್ತ ಓಡದಂತೆ ಮಾಡುತ್ತದೆ. ಊದುವ ಮುಂಚೆಯೇ ಅವನ್ನು ತೆಗೆಯಿರಿ. ಮೈಗೆ ಅಂಟಿದ ಬಟ್ಟೆಯನ್ನು ಕೀಳಬೇಡಿ. 108ಕ್ಕೆ ಕರೆ ಮಾಡಿ. ಆಳಂದದಿಂದಲೂ ಜೇವರ್ಗಿಯಿಂದಲೂ ಕಲಬುರಗಿಗೆ ಸುಮಾರು 40 ಕಿಲೋಮೀಟರ್, ಅಫಜಲಪುರದಿಂದ ಇನ್ನೂ ದೂರ. ಆಂಬುಲೆನ್ಸ್ ಬರುವ ತನಕ ನೀರು ಹಾಕುವುದೇ ಚಿಕಿತ್ಸೆ.

ಇನ್ನು ದಾರಿ. ದೀಪಾವಳಿ ಬರುವುದು ಅಕ್ಟೋಬರ್ ನಡುವಿನಿಂದ ನವೆಂಬರ್ ನಡುವಿನೊಳಗೆ. ಆರು ಗಂಟೆಗೆ ಮುಂಚೆಯೇ ಸೂರ್ಯ ಮುಳುಗಿರುತ್ತಾನೆ, ಅಮಾವಾಸ್ಯೆಯಾದ್ದರಿಂದ ಬೆಳದಿಂಗಳಿನ ಆಸರೆಯೂ ಇಲ್ಲ. ಕಬ್ಬು ನುರಿಸುವ ಹಂಗಾಮು ತೊಡಗುವುದೂ ಹೆಚ್ಚುಕಡಿಮೆ ಆಗಲೇ. ಆಳಂದ ತಾಲ್ಲೂಕಿನ ಭೂಸನೂರು, ಅಫಜಲಪುರ ತಾಲ್ಲೂಕಿನ ಹವಳಗಾ ಕಾರ್ಖಾನೆಗಳ ದಿಕ್ಕಿನ ರಸ್ತೆಗಳಲ್ಲಿ ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರುಗಳು ಕಬ್ಬು ಹೊತ್ತು ಸಾಗುತ್ತವೆ. ಕಬ್ಬು ಟ್ರೇಲರಿನ ಎರಡೂ ಬದಿಗೆ ಚಾಚಿರುತ್ತದೆ. ಹಿಂದಿನ ದೀಪ ಇಲ್ಲದ ಟ್ರೇಲರುಗಳೂ ಇರುತ್ತವೆ. ಟ್ರ್ಯಾಕ್ಟರ್ ದಾಟಿ ಹೋಯಿತೆಂದು ಮಗು ರಸ್ತೆಗೆ ಕಾಲಿಟ್ಟರೆ ಹಿಂದೆ ಇನ್ನೂ ಎರಡು ಟ್ರೇಲರ್ ಬರುತ್ತಿರುತ್ತವೆ. ಜೇವರ್ಗಿಯಲ್ಲಿ ರಾಷ್ಟ್ರೀಯ ಹೆದ್ದಾರಿ 50 ಮತ್ತು 150ಎ ಕೂಡುತ್ತವೆ. ಅಲ್ಲಿ ಲಾರಿ, ಬಸ್ಸುಗಳ ವೇಗವೇ ಬೇರೆ.

ಗಂಟೆಗೆ 60 ಕಿಲೋಮೀಟರ್ ವೇಗದ ಗಾಡಿ ಒಂದು ಸೆಕೆಂಡಿಗೆ 16 ಮೀಟರಿಗೂ ಹೆಚ್ಚು ಮುಂದೆ ಹೋಗುತ್ತದೆ. ಚಾಲಕ ಕಂಡು, ಅರಿತು, ಬ್ರೇಕ್ ಒತ್ತುವಷ್ಟರಲ್ಲೇ ಒಂದೂವರೆ, ಎರಡು ಸೆಕೆಂಡ್ ಕಳೆಯುತ್ತದೆ. ಅಲ್ಲಿಗೆ 30 ಮೀಟರ್ ಹತ್ತಿರ ಮುಗಿಯಿತು, ಗಾಡಿ ನಿಲ್ಲುವುದು ಅದರಾಚೆ. ಇಳಿಸಿದ ಹೆಡ್‌ಲೈಟಿನಲ್ಲಿ ಕಪ್ಪು, ಕಡುಗೆಂಪು ಬಟ್ಟೆಯವರು ಕಣ್ಣಿಗೆ ಬೀಳುವುದೇ ಸುಮಾರು ಅಷ್ಟು ದೂರದಲ್ಲಿ. ಲಂಬಾಣಿ ಉಡುಪಿನ ಮುಖ್ಯ ಬಣ್ಣ ಕೆಂಪು. ಹಗಲಲ್ಲಿ ಅದು ಮೈಲಿ ದೂರಕ್ಕೆ ಎದ್ದು ಕಾಣುತ್ತದೆ, ನಸುಗತ್ತಲಾದೊಡನೆ ನಮ್ಮ ಕಣ್ಣು ಮೊದಲು ಕಳೆದುಕೊಳ್ಳುವ ಬಣ್ಣವೂ ಅದೇ.

ಫೇಟಿಯಾ ತುಂಬ ಕನ್ನಡಿ ಇದೆಯಲ್ಲ, ಬೆಳಕಿಗೆ ಹೊಳೆಯುವುದಿಲ್ಲವೇ ಎಂದು ಕೇಳಬಹುದು. ಹೊಳೆಯುತ್ತದೆ, ಆದರೆ ಚಾಲಕನ ಕಣ್ಣಿಗಲ್ಲ. ಚಪ್ಪಟೆ ಕನ್ನಡಿ ಬೆಳಕನ್ನು ಬಂದ ಕೋನಕ್ಕೆ ತಕ್ಕಂತೆ ಆಚೆ ಬದಿಗೆ ಎಸೆಯುತ್ತದೆ. ಕನ್ನಡಿ ನೇರ ಅವನಿಗೆ ಎದುರಾದ ಆ ಒಂದು ಗಳಿಗೆ ಬಿಟ್ಟರೆ ಬೆಳಕು ಹೊಲದ ಕಡೆಗೋ ಆಕಾಶದ ಕಡೆಗೋ ಹೋಗುತ್ತದೆ. ಸೈಕಲ್ಲಿನ ಹಿಂದೆ, ಲಾರಿಯ ಅಂಚಿಗೆ ಅಂಟಿಸುವ ರೇಡಿಯಂ ಪಟ್ಟಿಯೊಳಗೆ ಸಣ್ಣ ಸಣ್ಣ ಮೂಲೆಗಳೋ ಗಾಜಿನ ಹರಳುಗಳೋ ಇರುತ್ತವೆ. ಅವು ಬೆಳಕನ್ನು ಬಂದ ದಿಕ್ಕಿಗೇ ತಿರುಗಿಸಿ ಕಳಿಸುತ್ತವೆ. ಹೆಡ್‌ಲೈಟಿನ ಬೆಳಕು ಮರಳಿ ಚಾಲಕನ ಕಡೆಗೇ ಹೋಗುವುದರಿಂದ ಪಟ್ಟಿ ಧರಿಸಿದವರು ನೂರು ಮೀಟರಿಗೂ ಹೆಚ್ಚು ದೂರದಿಂದ ಕಾಣುತ್ತಾರೆ. ವಾಹನಗಳಿಗೆ ನಂಬರ್ ಬರೆಯುವ, ಸ್ಟಿಕ್ಕರ್ ಹಚ್ಚುವ ಅಂಗಡಿಗಳಲ್ಲಿ ಈ ಪಟ್ಟಿ ಸಿಗುತ್ತದೆ. ಫೇಟಿಯಾದ ಕೆಳಅಂಚಿನ ಸುತ್ತ ಒಂದು ಪಟ್ಟಿ, ಎರಡೂ ಮುಂಗೈಗೆ ಒಂದೊಂದು. ಕೈಕಾಲು ಆಡುವಾಗ ಪಟ್ಟಿಯೂ ಆಡುತ್ತದೆ, ಇದು ಮನುಷ್ಯ, ಕಲ್ಲುಕಂಬವಲ್ಲ ಎಂದು ದೂರದಿಂದಲೇ ತಿಳಿಯುತ್ತದೆ. ಕಸೂತಿ ಹಾಕುವ ಕೈಗಳಿಗೆ ಇದನ್ನು ಚೆಂದವಾಗಿ ಹೊಲಿಯುವುದು ದೊಡ್ಡ ಕೆಲಸವಲ್ಲ.

ತಾಂಡಾದ ಮನೆಗಳು ರಸ್ತೆಯ ಎರಡೂ ಬದಿಗೆ ಹಂಚಿಹೋಗಿದ್ದರೆ ಒಂದು ಬದಿಯ ಮನೆಗಳನ್ನೆಲ್ಲ ಮುಗಿಸಿ ಒಂದೇ ಸಲ ದಾಟಿ. ಬಾಗಿಲು ಬಾಗಿಲಿಗೂ ಅತ್ತಿಂದಿತ್ತ ದಾಟುವುದು ಬೇಡ. ರಸ್ತೆಯ ಅಂಚಿನಲ್ಲೇ ನಡೆಯಬೇಕಾಗಿ ಬಂದರೆ ಬಲಬದಿ ಹಿಡಿಯಿರಿ, ಆಗ ಹತ್ತಿರದ ಗಾಡಿ ಎದುರಿನಿಂದ ಬರುತ್ತದೆ, ಬೆನ್ನ ಹಿಂದಿನಿಂದಲ್ಲ. ಮುಂದಿನ ದೀಪಗಳ ಪಕ್ಕ ಒಬ್ಬರು, ಗುಂಪಿನ ಹಿಂದೊಬ್ಬರು ದೊಡ್ಡವರು ಬ್ಯಾಟರಿ ಹಿಡಿದಿರಲಿ, ಬೆಳಕು ನೆಲಕ್ಕಿರಲಿ. ಡ್ರೈವರನ ಕಣ್ಣಿಗೆ ಹೊಡೆದರೆ ಅವನಿಗೆ ಮಕ್ಕಳು ಕಾಣುವುದೇ ಇಲ್ಲ. ತಾಂಡಾವನ್ನು ನಡೆಸುವ ನಾಯಕ, ಡಾವ, ಕಾರಭಾರಿ ಈ ಮೂವರು ಸೇರಿ ಮೇರಾ ನಡೆಯುವಷ್ಟು ಹೊತ್ತು ದಾರಿ ಕಾಯುವ ಪಾಳಿಯನ್ನು ತಾಂಡಾದ ಹುಡುಗರಿಗೆ ಹಚ್ಚಬಹುದು. ನಾಯಕನ ಮಾತಿಗೆ ಇಂದಿಗೂ ಇರುವ ತೂಕಕ್ಕೆ ಇದಕ್ಕಿಂತ ಒಳ್ಳೆಯ ಬಳಕೆ ನನಗೆ ತೋರುವುದಿಲ್ಲ.

ಬಾಗಿಲಿನ ವಿಷಯ ಎಲ್ಲರೂ ಮುಜುಗರಪಟ್ಟುಕೊಳ್ಳುವಂಥದು, ಆದರೂ ಹೇಳಲೇಬೇಕು. ಹಬ್ಬದ ರಾತ್ರಿ ಕುಡಿತ ಇರುತ್ತದೆ. ಮೇರಾ ಬಾಗಿಲಲ್ಲಿ ನಿಂತು ಹಾಡುವ ಹಾಡು, ಹೊಸ್ತಿಲು ದಾಟುವ ಅಗತ್ಯವೇ ಇಲ್ಲ. ರೊಕ್ಕ ಕೊಡುವವರು ಹೊರಗೆ ಬಂದು ಕೊಡಲಿ. ಯಾರಾದರೂ ಒಬ್ಬಳನ್ನೇ ಒಳಗೆ ಕರೆದರೆ ಇಡೀ ಗುಂಪು ಅಲ್ಲಿಂದ ಮುಂದಿನ ಮನೆಗೆ ನಡೆಯಬೇಕು, ಹಿರಿಯರ ಮರ್ಯಾದೆ ಏನಾದೀತು ಎಂದು ನೋಡುತ್ತ ನಿಲ್ಲಬಾರದು. ಹೊರಡುವಾಗ ಎಷ್ಟು ಮಂದಿ ಇದ್ದೇವೆಂದು ಎಣಿಸಿ, ಪ್ರತಿ ಐದಾರು ಮನೆಗೊಮ್ಮೆ ಮತ್ತೆ ಎಣಿಸಿ. ಮಗಳು ಮನೆಗೆ ಬಂದು ಯಾರೋ ಹೀಗೆ ಮಾಡಿದರು ಎಂದರೆ ಹಬ್ಬದ ದಿನ ಗಲಾಟೆ ಬೇಡ ಎಂದು ಅವಳ ಬಾಯಿ ಮುಚ್ಚಿಸಬೇಡಿ. ಮಕ್ಕಳ ಸಹಾಯವಾಣಿ 1098 ಹಗಲೂ ರಾತ್ರಿ ಇರುತ್ತದೆ, 2012ರ ಪೋಕ್ಸೊ ಕಾಯ್ದೆ ಇರುವುದೂ ಇದಕ್ಕೇ. ಹಾಡುವ ಹುಡುಗಿಯರ ವಿಡಿಯೊ ತೆಗೆದು ಊರು, ಹೆಸರು ಹಾಕಿ ಎಲ್ಲರಿಗೂ ಹಂಚುವ ಹುಡುಗರಿಗೂ ಅಂದೇ ಬುದ್ಧಿ ಹೇಳಿ.

ಪಟಾಕಿಯ ಬಗ್ಗೆ ಹೆಚ್ಚು ಬರೆಯಲಾರೆ. ಸುಪ್ರೀಂ ಕೋರ್ಟ್ 2018ರಲ್ಲಿ ದೀಪಾವಳಿ ಪಟಾಕಿಗೆ ರಾತ್ರಿ 8ರಿಂದ 10 ಎಂದು ಸಮಯ ಗೊತ್ತುಮಾಡಿತು. ಮೇರಾವನ್ನು ಎಂಟಕ್ಕೆ ಮುಂಚೆ ಮುಗಿಸಿದರೆ ದೀಪದ ಗುಂಪಿಗೂ ಪಟಾಕಿಗೂ ಗಂಟು ಬೀಳುವುದಿಲ್ಲ.

ಮರುದಿನ ಹೂ ತರುವ ದಿನ. ಅದೇ ಹುಡುಗಿಯರು ಬುಟ್ಟಿ ಹಿಡಿದು ಹಾಡುತ್ತ ಅಡವಿ, ಹೊಲದ ಬದುವಿಗೆ ಹೋಗಿ ಹೂ ಕಿತ್ತು ತಂದು ಮನೆಮುಂದಿನ ಸಗಣಿಯ ಗೋಧನಕ್ಕೆ ಏರಿಸುತ್ತಾರೆ. ರಾತ್ರಿಯ ಭಯ ಕಳೆಯಿತೆಂದು ತಾಯಂದಿರು ಹಗುರಾಗುವ ದಿನ ಇದು, ಎಚ್ಚರ ಇನ್ನೂ ಬೇಕಾದ ದಿನವೂ ಇದೇ. ಆ ಹೊತ್ತಿಗೆ ತೊಗರಿ ಆಳೆತ್ತರ ಬೆಳೆದಿರುತ್ತದೆ. ಎರಡು ಸಾಲು ಒಳಹೊಕ್ಕ ಮಗು ಕಣ್ಣಿಗೇ ಬೀಳುವುದಿಲ್ಲ. ಹೂವಿನ ಹಂತದ ತೊಗರಿಗೆ ಕಾಯಿಕೊರಕ ಹುಳುವಿನ ಔಷಧ ಹೊಡೆಯುವ ಕಾಲವೂ ಅದು. ಯಾವ ಹೊಲಕ್ಕೆ ಹಿಂದಿನ ಎರಡು ಮೂರು ದಿನಗಳಲ್ಲಿ ಔಷಧ ಹೊಡೆದಿದ್ದಾರೆಂದು ಮೊದಲೇ ಕೇಳಿ ತಿಳಿದು ಆ ಕಡೆ ಮಕ್ಕಳನ್ನು ಬಿಡಬೇಡಿ. ಬದುವಿನ ಮೇಲೆ ಬಿದ್ದ ಡಬ್ಬಿಯಲ್ಲಿ ನೀರು ತುಂಬಿ ಕುಡಿಯದಂತೆ ನೋಡಿ. ಹೂ ಕಿತ್ತ ಕೈ ತೊಳೆಯದೆ ಏನೂ ತಿನ್ನಬಾರದು.

ಯರಿ ನೆಲ ಒಣಗತೊಡಗಿ ಬಿರುಕು ಬಿಡುತ್ತದೆ. ಆ ಬಿರುಕುಗಳಲ್ಲಿ, ಬದುವಿನ ಪೊದೆಗಳಲ್ಲಿ ಹಾವು ಇರುತ್ತವೆ. ಕೈ ಹಾಕುವ ಮುಂಚೆ ಕೋಲಿನಿಂದ ಪೊದೆ ಬಡಿಯಲಿ, ಬರಿಗಾಲು ಬೇಡ. ಕಚ್ಚಿದರೆ ಮಗುವನ್ನು ನಡೆಸದೆ, ಕಚ್ಚಿದ ಕೈಕಾಲು ಅಲುಗಾಡಿಸದೆ ಎತ್ತಿಕೊಂಡು ತಾಲ್ಲೂಕು ಆಸ್ಪತ್ರೆಗೆ ಒಯ್ಯಿರಿ. ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಬಾಯಿಂದ ಹೀರುವುದು, ಮಂತ್ರ ಹಾಕಿಸುತ್ತ ಹೊತ್ತು ಕಳೆಯುವುದು, ಇವು ಜೀವ ತೆಗೆಯುತ್ತವೆ. ನಮ್ಮ ಸೀಮೆಯಲ್ಲಿ ಜೀವಕ್ಕೆ ಎರವಾಗುವ ನಾಗರ, ಕಟ್ಟುಹಾವು, ಕೊಳಕುಮಂಡಲ, ಉರಿಮಂಡಲ ನಾಲ್ಕಕ್ಕೂ ಒಂದೇ ಪ್ರತಿವಿಷ ಆಗುತ್ತದೆ, ಹಾವನ್ನು ಕೊಂದು ಹಿಡಿದು ತರುವ ಕೆಲಸವಿಲ್ಲ. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣಗಳ ಪಟ್ಟಿಗೆ ಸೇರಿಸಿದೆ. ಆದ್ದರಿಂದ ಆಸ್ಪತ್ರೆಯಲ್ಲಿ ದಾಖಲಿಸಲು ಹಿಂಜರಿಯಬೇಡಿ.

ನೀರಿನ ಅಪಾಯ ಇನ್ನೂ ಮೌನದ್ದು. ಅಫಜಲಪುರ, ಜೇವರ್ಗಿ ಕಡೆ ಭೀಮಾ ನದಿಯ ದಂಡೆ, ಎಲ್ಲ ಕಡೆ ಕಟ್ಟೆಯಿಲ್ಲದ ಬಾವಿ. ಅವುಗಳ ಜೊತೆಗೆ ಈಗ ಕೃಷಿಹೊಂಡಗಳಿವೆ. 2014ರ ಕೃಷಿ ಭಾಗ್ಯ ಯೋಜನೆಯ ನಂತರ ಇವು ಹೊಲಹೊಲದಲ್ಲೂ ಆದವು. ಹೊಂಡ ಆಳವೇನೂ ಅಲ್ಲ ಅನ್ನಿಸುತ್ತದೆ. ನೀರು ಇಂಗದಂತೆ ಹಾಸಿದ ಪ್ಲಾಸ್ಟಿಕ್ ಹಾಳೆಯೇ ಇಲ್ಲಿ ಯಮ. ಪಾಚಿ ಹಿಡಿದು ನೆನೆದ ಹಾಳೆಯ ಇಳಿಜಾರಿನ ಮೇಲೆ ಕಾಲು ನಿಲ್ಲುವುದಿಲ್ಲ, ಬೆರಳಿಗೆ ಹಿಡಿತ ಸಿಗುವುದಿಲ್ಲ. ಈಜು ಬರುವ ದೊಡ್ಡವರೂ ಮೇಲೆ ಹತ್ತಲಾರರು. ಬಿದ್ದವಳನ್ನು ಎಳೆಯಲು ಕೈಚಾಚಿದವಳೂ ಜಾರುತ್ತಾಳೆ. ಹೊಂಡದ ಯಜಮಾನರು ನಾಲ್ಕೂ ದಿಕ್ಕಿಗೆ ಗೂಟ ನೆಟ್ಟು, ಗಂಟು ಹಾಕಿದ ಹಗ್ಗ ನೀರಿನವರೆಗೆ ಇಳಿಬಿಡಲಿ, ಸುತ್ತ ಮುಳ್ಳಿನ ಬೇಲಿಯಾದರೂ ಇರಲಿ. ಯಾರಾದರೂ ಬಿದ್ದರೆ ನೀವು ಇಳಿಯಬೇಡಿ, ಓಡಣಿಯನ್ನೋ ಹಗ್ಗವನ್ನೋ ಎಸೆಯಿರಿ ಎಂದು ಮಕ್ಕಳಿಗೆ ಹೇಳಿಕೊಡಿ. ಬಾಯಿ ಮುಚ್ಚದ ಕೊಳವೆಬಾವಿಯೂ ಹಾಗೆಯೇ. 2024ರ ಏಪ್ರಿಲ್‌ನಲ್ಲಿ ನೆರೆಯ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಅಂಥದೊಂದರೊಳಗೆ ಬಿದ್ದ ಎಳೆಯ ಮಗುವನ್ನು ಸುಮಾರು 20 ತಾಸು ಮಣ್ಣು ತೋಡಿ ಜೀವಂತ ಹೊರತೆಗೆದರು. ಎಲ್ಲ ಸಲವೂ ಹಾಗಾಗುವುದಿಲ್ಲ.

ಇದೆಲ್ಲ ತಾಂಡಾದವರಿಗಷ್ಟೇ ಅಲ್ಲ. ದೀಪಾವಳಿಗೆ ಇಪ್ಪತ್ತು ದಿನ ಮುಂಚೆ ದಸರೆಯ ಸಂಜೆ ಊರಿನ ಮಕ್ಕಳೆಲ್ಲ ಬನ್ನಿ ಹಿಡಿದು ಮನೆಮನೆಗೆ ಹೋಗಿ ಹಿರಿಯರ ಕಾಲು ಮುಟ್ಟುತ್ತಾರೆ. ಅವರ ಅಂಗಿಗೂ ಅದೇ ರೇಡಿಯಂ ಪಟ್ಟಿ ಹೊಲಿಯಬಹುದು. ಹೋಳಿಯ ಮುಂಚೆ ಹಲಗೆ ಬಾರಿಸುತ್ತ ಕಾಮಣ್ಣನಿಗೆ ಕಟ್ಟಿಗೆ, ಕುಳ್ಳು ಕೇಳುವ ಹುಡುಗರು ಕೊಡದ ಮನೆಯ ಹಿತ್ತಲಿನಿಂದ ರಾತ್ರಿ ಕದ್ದು ತರುತ್ತಾರೆ. ಹಳೆಯ ಕಟ್ಟಿಗೆ ರಾಶಿಯಲ್ಲಿ ಹಾವು, ಚೇಳು ಇರುತ್ತವೆ. ಕದಿಯುವ ಪ್ರಮೇಯ ಬಾರದಂತೆ ನಾಲ್ಕು ಕುಳ್ಳು ಹಗಲಲ್ಲೇ ಕೊಟ್ಟುಬಿಡಿ.

ಕೊನೆಗೊಂದು ಕೆಲಸ ಉಳಿಯುತ್ತದೆ, ಅದು ಮನೆಯವರೊಬ್ಬರಿಂದಲೇ ಆಗದು. 2023ರ ಜನವರಿ 19ರಂದು ಮಳಖೇಡದಲ್ಲಿ ಕಲಬುರಗಿ, ಯಾದಗಿರಿ, ರಾಯಚೂರು, ಬೀದರ್, ವಿಜಯಪುರ ಜಿಲ್ಲೆಗಳ 50,000ಕ್ಕೂ ಹೆಚ್ಚು ಲಂಬಾಣಿ ಕುಟುಂಬಗಳಿಗೆ ಹಕ್ಕುಪತ್ರ ಹಂಚಲಾಯಿತು. ತಾಂಡಾಗಳು ಕಂದಾಯ ಗ್ರಾಮಗಳಾಗುತ್ತಿವೆ. ಬೀದಿದೀಪ ಹಾಕುವುದು, ಕೆಟ್ಟರೆ ಸರಿಮಾಡುವುದು ಗ್ರಾಮ ಪಂಚಾಯಿತಿಯ ಹೊಣೆ. ದಸರೆ ಮುಗಿದ ಮರುದಿನವೇ ನಾಲ್ಕು ಜನ ಕೂಡಿ ಪಂಚಾಯಿತಿಗೆ ಹೋಗಿ. ತಾಂಡಾದ ದಾರಿ ದೊಡ್ಡ ರಸ್ತೆಗೆ ಕೂಡುವ ಜಾಗದಲ್ಲಿ ಒಂದು ದೀಪ, ಅದರ ಎರಡೂ ಕಡೆಗೆ ಒಂದೊಂದು ರಸ್ತೆಉಬ್ಬು ಬೇಕೆಂದು ಬರೆದುಕೊಟ್ಟು, ಅರ್ಜಿ ತಲುಪಿದ್ದಕ್ಕೆ ಸಹಿ ಹಾಕಿಸಿಕೊಂಡು ಬನ್ನಿ. ಅಮಾವಾಸ್ಯೆಗೆ ಆಗ ಇನ್ನೂ ಹತ್ತೊಂಬತ್ತು ದಿನ ಇರುತ್ತದೆ.